ಹಿಂದಿರುಗದ ವೈದ್ಯ: ಡಾ. ದ್ವಾರಕಾನಾಥ ಕೋಟ್ನಿಸ್



ಒಳ್ಳೆಯ ಕಾರ್ಯವೊಂದಕ್ಕಾಗಿ ಮನೆಬಿಟ್ಟು ಹೊರಡುವವರನ್ನು ಲೋಕವು ಹಾರ ಹಾಕಿ ಬೀಳ್ಕೊಡುತ್ತದೆ. ಹೊರಟವರು ಹೋದಲ್ಲಿ ನಿಂತರೇ, ಎಷ್ಟು ದಿನ ನಿಂತರು, ಯಾವ ಬೆಲೆ ತೆತ್ತು ನಿಂತರು ಎಂಬುದನ್ನು ನೋಡಲು ಆ ಜನಸಂದಣಿ ಅಲ್ಲಿರುವುದಿಲ್ಲ. ಹೊರಡುವ ದಿನದ ಉತ್ಸಾಹ ಬೇರೆ, ನಿಲ್ಲುವ ದಿನಗಳ ಸಂಕಲ್ಪ ಬೇರೆ. ಈ ಎರಡರ ನಡುವಣ ಅಂತರವನ್ನು ತನ್ನ ಮೂವತ್ತೆರಡು ವರ್ಷಗಳ ಅಲ್ಪಾಯುಷ್ಯದಲ್ಲಿ ತೋರಿಸಿಕೊಟ್ಟ ಒಬ್ಬ ಯುವ ಸೇನಾವೈದ್ಯನ ಬದುಕನ್ನು ಈ ವಾರ ಸ್ಮರಿಸೋಣ. ಅವರೇ ಡಾಕ್ಟರ್ ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್.

ಕೋಟ್ನಿಸರು ಜನಿಸಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ಸೊಲ್ಲಾಪುರವು ಇಂದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಕನ್ನಡಿಗರಿಗೆ ಪರಕೀಯ ಊರಲ್ಲ. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿದ ಊರು ಅದು. ಇಂದಿಗೂ ಅಲ್ಲಿನ ಬೀದಿಗಳಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಬರುತ್ತವೆ. ನಮ್ಮ ಮನೆಗಳಲ್ಲಿ ಚಳಿಗಾಲಕ್ಕೆ ಹೊದೆಯುವ ಸೊಲ್ಲಾಪುರದ ಚಾದರವನ್ನು ಅರಿಯದವರು ಯಾರು? ಆ ಊರಿನ ಬಾಳು ನಡೆಯುತ್ತಿದ್ದುದೇ ಹತ್ತಿಯ ಗಿರಣಿಗಳಿಂದ. ಅಂತಹ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದ ಶಾಂತಾರಾಮ ಕೋಟ್ನಿಸರ ಮಗನೇ ದ್ವಾರಕಾನಾಥ. ಇಬ್ಬರು ಸಹೋದರರು, ಐವರು ಸಹೋದರಿಯರು ಇದ್ದ ತುಂಬು ಸಂಸಾರ. ಸಿರಿವಂತಿಕೆ ಇರಲಿಲ್ಲ.

ಗುಮಾಸ್ತಗಿರಿಯ ಸಂಬಳದಲ್ಲಿ ಎಂಟು ಮಕ್ಕಳನ್ನು ಸಾಕಿ, ಅವರಲ್ಲೊಬ್ಬನನ್ನು ವೈದ್ಯನನ್ನಾಗಿ ಮಾಡುವುದೆಂದರೆ ಏನೆಂಬುದನ್ನು ನಮ್ಮ ಅನೇಕ ಕುಟುಂಬಗಳ ತಂದೆತಾಯಿಗಳಿಗೆ ವಿವರಿಸಬೇಕಾಗಿಲ್ಲ. ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ದ್ವಾರಕಾನಾಥರು ವೈದ್ಯಶಾಸ್ತ್ರವನ್ನು ಅಭ್ಯಸಿಸಿದರು. ಪದವಿ ಪಡೆದು, ಉನ್ನತ ವ್ಯಾಸಂಗದ ಸಿದ್ಧತೆಯಲ್ಲಿದ್ದರು. ಇನ್ನು ಕೆಲವೇ ವರ್ಷಗಳಲ್ಲಿ ಮನೆಯ ಹೊರೆ ಹಿರಿಯರ ಹೆಗಲಿನಿಂದ ಮಗನ ಹೆಗಲಿಗೆ ಬರಬೇಕಾಗಿತ್ತು. ಅಷ್ಟರಲ್ಲಿ ದೂರದ ದೇಶವೊಂದರಿಂದ ಕರೆ ಬಂದಿತು.

1937ರ ಜುಲೈ ತಿಂಗಳಲ್ಲಿ ಜಪಾನು ಚೀನಾದ ಮೇಲೆ ಪೂರ್ಣಪ್ರಮಾಣದ ಯುದ್ಧವನ್ನು ಆರಂಭಿಸಿತು. ಗಾಯಾಳುಗಳ ಸಂಖ್ಯೆಗೆ ಹೋಲಿಸಿದರೆ ಚೀನೀ ಸೇನೆಗಳಲ್ಲಿದ್ದ ವೈದ್ಯರು ಬೆರಳೆಣಿಕೆಯವರು. ಎಂಟನೆಯ ರೂಟ್ ಸೇನೆಯೆಂದು ಹೆಸರಾಗಿದ್ದ ಕಮ್ಯುನಿಸ್ಟ್ ಪಡೆಯ ದಂಡನಾಯಕ ಝೂ ದೆಯವರು ಜವಾಹರಲಾಲ್ ನೆಹರೂರವರಿಗೆ ಪತ್ರ ಬರೆದು ವೈದ್ಯಕೀಯ ನೆರವನ್ನು ಕೋರಿದರು. ನಮ್ಮ ದೇಶವೇ ಆಗ ಪರರ ಆಳ್ವಿಕೆಯಲ್ಲಿತ್ತು. ಕೊಡಲು ಸೈನ್ಯವಿರಲಿಲ್ಲ, ಬೊಕ್ಕಸವಿರಲಿಲ್ಲ. ಆದರೂ 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನತೆಗೆ ಮನವಿ ಮಾಡಿ ನಿಧಿ ಸಂಗ್ರಹಿಸಿದರು. ಜನರು ಕೊಟ್ಟ ಕಾಣಿಕೆ 22,000 ರೂಪಾಯಿ. ಅದರೊಡನೆ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ವಾಹನ ಮತ್ತು ಐವರು ವೈದ್ಯರು ಹೊರಡುವುದೆಂದು ನಿಶ್ಚಯವಾಯಿತು.

ಆ ಐವರ ಮುಖಂಡರು ಅಲಹಾಬಾದಿನ ಡಾ. ಅಟಲ್. ಅವರು ಅದಕ್ಕೆ ಮುಂಚೆಯೇ ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದಿದ್ದವರು. ನಾಗಪುರದ ಡಾ. ಚೋಳ್ಕರ್, ಕಲ್ಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಐದನೆಯವರು ಸೊಲ್ಲಾಪುರದ ಈ ತರುಣ. ಆಗ ಕೋಟ್ನಿಸರಿಗೆ ಇಪ್ಪತ್ತೆಂಟು ವರ್ಷವೂ ತುಂಬಿರಲಿಲ್ಲ. 1938ರ ಸೆಪ್ಟೆಂಬರ್ 1ರಂದು ‘ರಾಜಪುತಾನಾ’ ಎಂಬ ಹಡಗು ಅವರನ್ನು ಹೊತ್ತು ಮುಂಬಯಿ ಬಂದರನ್ನು ಬಿಟ್ಟಿತು. ಸೆಪ್ಟೆಂಬರ್ 17ರಂದು ಅವರು ದಕ್ಷಿಣ ಚೀನಾದ ಕ್ಯಾಂಟನ್ ನಗರವನ್ನು ಮುಟ್ಟಿದರು.

ಆ ಕಡಲತೀರದ ಹೆಸರು ಕಥೋಲಿಕ ಓದುಗರಿಗೆ ಬೇರೊಂದು ಕಾರಣದಿಂದ ಪರಿಚಿತ. ಕ್ಯಾಂಟನ್ನಿನ ಹಾದಿಯಲ್ಲಿರುವ ಶಾಂಗ್‌ಚುವಾನ್ ದ್ವೀಪದಲ್ಲಿಯೇ, ಚೀನಾದ ನೆಲವನ್ನು ಕಣ್ಣೆದುರಿಗಿಟ್ಟುಕೊಂಡು, ಅದರೊಳಗೆ ಕಾಲಿಡಲಾಗದೆ, ಸಂತ ಫ್ರಾನ್ಸಿಸ್ ಕ್ಸೇವಿಯರರು 1552ರ ಡಿಸೆಂಬರ್ 3ರಂದು ಜ್ವರದಿಂದ ಪ್ರಾಣಬಿಟ್ಟರು. ಅವರು ಹೋದ ಉದ್ದೇಶ ಬೇರೆ, ಕೋಟ್ನಿಸರು ಹೋದ ಉದ್ದೇಶ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೆ ಭಾರತದ ಪಶ್ಚಿಮ ತೀರದಿಂದ ಹೊರಟು ಚೀನೀ ಜನರಿಗಾಗಿ ಜೀವ ಸವೆಸಿದವರ ಸಾಲು ಹಳೆಯದೆಂಬುದನ್ನು ನಾವು ಬಲ್ಲೆವು.

ಕ್ಯಾಂಟನ್ನಿನಿಂದ ಅವರು ದೇಶದ ಒಳಭಾಗಕ್ಕೆ, ಹಾಂಕೌ ನಗರಕ್ಕೆ ಸಾಗಿದರು. ಅವರು ಬಂದು ಕೆಲವೇ ವಾರಗಳಾಗಿದ್ದವು. ಅಕ್ಟೋಬರ್ ತಿಂಗಳಲ್ಲಿ ಮೊದಲು ಕ್ಯಾಂಟನ್, ಅದರ ಬೆನ್ನಲ್ಲೇ ಹಾಂಕೌ ಜಪಾನೀಯರ ವಶವಾದವು. ಬಂದ ದಾರಿಯೇ ಹಿಂದಿನಿಂದ ಮುಚ್ಚಿಹೋಯಿತು. ವೈದ್ಯರ ತಂಡವು ಹಿಮ್ಮೆಟ್ಟುವ ಜನಸಾಗರದೊಡನೆ ಪಶ್ಚಿಮದ ಚುಂಗ್‌ಕಿಂಗ್‌ಗೆ ಸರಿಯಿತು. ಭಾರತದ ಸ್ನೇಹದ ಗುರುತಾಗಿ ಐವರೂ ಅಲ್ಲಿ ಚೀನೀ ಹೆಸರುಗಳನ್ನು ಧರಿಸಿದರು. ಚೀನಾ ಎಂಬ ಅರ್ಥ ಕೊಡುವ ‘ಹ್ವಾ’ ಎಂಬ ಪದ ಪ್ರತಿಯೊಂದು ಹೆಸರಿನ ಕೊನೆಗೂ ಸೇರಿತು. ಕೋಟ್ನಿಸರು ಕೆ ದಿಹ್ವಾ ಆದರು. ಇಂದಿಗೂ ಚೀನೀಯರು ಅವರನ್ನು ಕರೆಯುವುದು ಆ ಹೆಸರಿನಿಂದಲೇ.

ಚುಂಗ್‌ಕಿಂಗ್‌ನಲ್ಲಿ ಮೊದಲ ಪರೀಕ್ಷೆ ಎದುರಾಯಿತು. ತಂದೆ ಶಾಂತಾರಾಮರು ತೀರಿಕೊಂಡರೆಂಬ ಸುದ್ದಿ ಸೊಲ್ಲಾಪುರದಿಂದ ಅಲ್ಲಿಗೆ ಮುಟ್ಟಿತು. ಆ ಹೊತ್ತಿನಲ್ಲಿ ಅವರು ಮನೆಗೆ ಮರಳಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ತಂದೆಯ ಉತ್ತರಕ್ರಿಯೆ, ವಿಧವೆಯಾದ ತಾಯಿ, ನೆಲೆಗಾಣದ ಒಡಹುಟ್ಟಿದವರು, ಇವೆಲ್ಲ ನೆಪಗಳಲ್ಲ, ನಿಜವಾದ ಕರ್ತವ್ಯಗಳು. ನಿಜವಾದ ಎರಡು ಕರ್ತವ್ಯಗಳು ಎದುರುಬದುರಾಗಿ ನಿಂತಾಗ ಆಯ್ಕೆಯು ಯಾವಾಗಲೂ ಒಂದು ಗಾಯವನ್ನು ಉಳಿಸಿಯೇ ಹೋಗುತ್ತದೆ. ಒಡನಾಡಿಗಳು ಸಮಾಧಾನ ಹೇಳಿದರು, ಹೋಗಿಬರಬಹುದೆಂದರು. ಇನ್ನೂ ಕೆಲಸವನ್ನೇ ಸರಿಯಾಗಿ ಆರಂಭಿಸಿಲ್ಲವೆಂಬ ಭಾವದಿಂದ ಕೋಟ್ನಿಸರು ಅಲ್ಲಿಯೇ ನಿಂತರು. ಹೊರಟು ಬಂದಾಗ ಅವರಲ್ಲಿದ್ದುದು ಯೌವನದ ಉತ್ಸಾಹವೆಂದು ಯಾರಾದರೂ ಹೇಳಬಹುದು. ಈ ನಿರ್ಧಾರವನ್ನು ಹಾಗೆ ಹೇಳಲಾಗದು.

1939ರ ಫೆಬ್ರವರಿಯಲ್ಲಿ ತಂಡವು ವಾಯವ್ಯ ಚೀನಾದ ಯೆನಾನ್ ಪಟ್ಟಣವನ್ನು ತಲುಪಿತು. ಅದು ಕಮ್ಯುನಿಸ್ಟ್ ಪಡೆಗಳ ಕೇಂದ್ರ. ಅಲ್ಲಿನ ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಗಳೇ ಮನೆ, ಗುಹೆಗಳೇ ಆಸ್ಪತ್ರೆ. ಮುಂಬಯಿಯ ಆಸ್ಪತ್ರೆಯಲ್ಲಿ ಕಲಿತ ತರುಣನಿಗೆ ಅದೊಂದು ಹೊಸ ಲೋಕ. ಭಾಷೆ ತಿಳಿಯದು, ಆಹಾರ ಒಗ್ಗದು, ಚಳಿಯಂತೂ ಸೊಲ್ಲಾಪುರದವರು ಕನಸಿನಲ್ಲಿಯೂ ಕಾಣದಂಥದು. ದಿನಗಳು ಕಳೆದಂತೆ ತಂಡವೂ ಕರಗಿತು. ಡಾ. ಮುಖರ್ಜಿ ಮತ್ತು ಡಾ. ಚೋಳ್ಕರರು ಮೊದಲು ಹಿಂದಿರುಗಿದರು, ಅನಂತರ ಡಾ. ಅಟಲ್ ಅವರೂ ಮರಳಿದರು. ಅವರು ಸಲ್ಲಿಸಿದ ಸೇವೆ ಗೌರವಕ್ಕೆ ಪಾತ್ರವಾದದ್ದೇ. ಅವರ ಮರಳುವಿಕೆಯಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಕೊನೆಗೆ ಉಳಿದವರು ಬಸು ಮತ್ತು ಕೋಟ್ನಿಸ್ ಇಬ್ಬರೇ. ನಾಯಕರು ಹೋದ ಮೇಲೆ ಅನುಯಾಯಿಗೂ ಹೋಗಲು ದಾರಿ ತೆರೆದಿರುತ್ತದೆ. ಎರಡನೆಯ ಬಾರಿಯೂ ಕೋಟ್ನಿಸರು ಆ ದಾರಿ ಹಿಡಿಯಲಿಲ್ಲ. ಅವರು ಯುದ್ಧರಂಗಕ್ಕೆ ಇನ್ನಷ್ಟು ಸಮೀಪದ ಸ್ಥಳವನ್ನು ಕೇಳಿಕೊಂಡು ಉತ್ತರ ಚೀನಾದ ಬೆಟ್ಟಗಾಡಿಗೆ ಹೋದರು.

ಆ ಬೆಟ್ಟಗಾಡಿನಲ್ಲಿ ಅವರಿಗಿಂತ ಮೊದಲು ಮತ್ತೊಬ್ಬ ಪರದೇಶಿ ವೈದ್ಯರು ದುಡಿದಿದ್ದರು. ಅವರು ಕೆನಡಾದ ಶಸ್ತ್ರಚಿಕಿತ್ಸಕ ನಾರ್ಮನ್ ಬೆಥೂನ್. ಗಾಯಾಳು ಆಸ್ಪತ್ರೆಗೆ ಬರುವವರೆಗೆ ಕಾಯದೆ ಆಸ್ಪತ್ರೆಯೇ ಗಾಯಾಳುವಿನ ಬಳಿಗೆ ಹೋಗಬೇಕೆಂಬುದು ಅವರ ಸಿದ್ಧಾಂತ. ಗುಂಡೇಟಿನ ಗಾಯವನ್ನು ತಡಮಾಡದೆ ಶುಚಿಗೊಳಿಸದಿದ್ದರೆ ಅದು ಕೀವಾಗಿ, ನಂಜೇರಿ, ಕೈಕಾಲನ್ನೋ ಪ್ರಾಣವನ್ನೋ ತೆಗೆಯುತ್ತದೆ. ಪೆನಿಸಿಲಿನ್ ಇನ್ನೂ ಬಳಕೆಗೆ ಬಾರದಿದ್ದ ಕಾಲವದು. ಆದುದರಿಂದ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಅವರು ರಣರಂಗದ ಅಂಚಿಗೇ ಹೋಗುತ್ತಿದ್ದರು. 1939ರಲ್ಲಿ ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯಕ್ಕೆ ನಂಜು ತಗಲಿ, ನವೆಂಬರ್ 12ರಂದು ಹೆಬೈ ಪ್ರಾಂತದ ತಾಂಗ್ ಜಿಲ್ಲೆಯಲ್ಲಿ ಅವರು ಮೃತರಾದರು. ಬೆಥೂನರು ಬಿಟ್ಟುಹೋದ ಜಾಗದಲ್ಲಿ ಕೋಟ್ನಿಸರು ನಿಂತರು. 1941ರ ಜನವರಿಯಲ್ಲಿ, ಬೆಥೂನರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ ಅವರು ನಿರ್ದೇಶಕರಾಗಿ ನೇಮಕಗೊಂಡರು. ಆಗ ಅವರಿಗೆ ಮೂವತ್ತು ವರ್ಷ.

ನಿರ್ದೇಶಕರೆಂದೊಡನೆ ಮೇಜು, ಕುರ್ಚಿ, ಜವಾನರನ್ನು ಕಲ್ಪಿಸಿಕೊಳ್ಳಬಾರದು. ಹಳ್ಳಿಯ ಮಣ್ಣಿನ ಮನೆಗಳೇ ಆ ಆಸ್ಪತ್ರೆಯ ವಾರ್ಡುಗಳು. ಶತ್ರುಸೇನೆ ಸಮೀಪಿಸಿದಾಗಲೆಲ್ಲ ರೋಗಿಗಳನ್ನು ಡೋಲಿಗಳಲ್ಲಿ ಹೊತ್ತು ಬೆಟ್ಟದಿಂದ ಬೆಟ್ಟಕ್ಕೆ ಸಾಗಿಸಬೇಕು. ಹೊರುವವರು ಆ ಊರುಗಳ ರೈತರು. ಶತ್ರುವಿನ ದಿಗ್ಬಂಧನದಿಂದಾಗಿ ಔಷಧಿಯ ಅಭಾವ, ಬ್ಯಾಂಡೇಜಿನ ಅಭಾವ, ಆಹಾರದ ಅಭಾವ. ಇಷ್ಟರ ನಡುವೆ, 1940ರಲ್ಲಿ ನಡೆದ ದೀರ್ಘವಾದ ಕದನವೊಂದರಲ್ಲಿ ಅವರು 72 ತಾಸುಗಳ ಕಾಲ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರು. ಆ ಒಂದು ಕದನದಲ್ಲಿಯೇ 800ಕ್ಕೂ ಮೀರಿದ ಗಾಯಾಳುಗಳು ಅವರ ಆರೈಕೆ ಪಡೆದರು.

ಅವರ ಇನ್ನೊಂದು ಸೇವೆ ಇದಕ್ಕಿಂತ ಸದ್ದಿಲ್ಲದ್ದು, ಆದರೆ ಕಡಿಮೆಯಾದದ್ದಲ್ಲ. ಒಬ್ಬ ವೈದ್ಯನ ಎರಡು ಕೈಗಳು ಎಷ್ಟು ಜನರನ್ನು ಉಳಿಸಬಲ್ಲವು? ಆದುದರಿಂದ ಅವರು ಸ್ಥಳೀಯ ತರುಣ ತರುಣಿಯರಿಗೆ ವೈದ್ಯವಿದ್ಯೆಯನ್ನು ಕಲಿಸಲು ತೊಡಗಿದರು. ದುಭಾಷಿಯ ಮೂಲಕ ಕಲಿಸಿದರೆ ಅರ್ಧ ಮಾತು ದಾರಿಯಲ್ಲಿಯೇ ಉಳಿಯುತ್ತದೆ. ಚೀನೀ ಭಾಷೆಯನ್ನೇ ಕಷ್ಟಪಟ್ಟು ಕಲಿತು, ಮಾತನಾಡುವುದಷ್ಟೇ ಅಲ್ಲದೆ ಓದಿ ಬರೆಯುವ ಮಟ್ಟಕ್ಕೆ ಬಂದು, ಆ ಭಾಷೆಯಲ್ಲಿಯೇ ಪಾಠ ಹೇಳಿದರು. ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕವನ್ನು ಬರೆಯುವ ಕೆಲಸವನ್ನೂ ಕೈಗೆತ್ತಿಕೊಂಡರು. ತಾನು ಹೋದ ಮೇಲೂ ಕೆಲಸ ನಿಲ್ಲಬಾರದೆಂದು ಯೋಚಿಸುವವನು ಮಾತ್ರ ಪಠ್ಯಪುಸ್ತಕ ಬರೆಯುತ್ತಾನೆ.

ಬೆಥೂನರ ಸಮಾಧಿಯ ಉದ್ಘಾಟನೆಯ ಸಂದರ್ಭದಲ್ಲಿ ಅವರಿಗೆ ಕ್ವೋ ಚಿಂಗ್‌ಲಾನ್ ಎಂಬ ತರುಣಿಯ ಪರಿಚಯವಾಯಿತು. ಆಕೆ ಶುಶ್ರೂಷಾವಿದ್ಯೆಯನ್ನು ಬೋಧಿಸುತ್ತಿದ್ದವರು. 1941ರಲ್ಲಿ ಅವರಿಬ್ಬರ ವಿವಾಹವಾಯಿತು. 1942ರ ಆಗಸ್ಟ್ 23ರಂದು ಗಂಡುಮಗು ಜನಿಸಿತು. ಮಗುವಿಗೆ ಇಟ್ಟ ಹೆಸರು ಇನ್‌ಹ್ವಾ. ‘ಇನ್’ ಎಂದರೆ ಭಾರತ, ‘ಹ್ವಾ’ ಎಂದರೆ ಚೀನಾ. ಸೊಲ್ಲಾಪುರದ ಅಜ್ಜಿಗೆ ಆ ಮೊಮ್ಮಗನನ್ನು ತೊಟ್ಟಿಲಲ್ಲಿ ತೂಗುವ ಭಾಗ್ಯವಿರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕು. ಅದೇ 1942ರಲ್ಲಿ ಕೋಟ್ನಿಸರು ಚೀನಾದ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. ದೇವರನ್ನು ಒಪ್ಪದ ಆ ಪಕ್ಷದ ಆಳ್ವಿಕೆಯಲ್ಲಿ ಮುಂದೆ ಚೀನಾದ ಕ್ರೈಸ್ತರು ಅನುಭವಿಸಿದ ಕಷ್ಟಗಳನ್ನು ನಾವು ಅರಿತವರೇ. ಹಾಗಿರುವಾಗ ಕಥೋಲಿಕ ಕುಟುಂಬಗಳು ಈ ವೈದ್ಯನನ್ನು ಏಕೆ ಸ್ಮರಿಸಬೇಕೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಸರಳವಾಗಿದೆ. ಒಬ್ಬನು ಒಪ್ಪಿದ ತತ್ತ್ವವನ್ನು ನಾವು ಒಪ್ಪದಿರಬಹುದು. ಆದರೆ ಅವನು ಮಾಡಿದ ಒಳಿತು ಒಳಿತಲ್ಲವೆಂದು ಹೇಳಿದರೆ ಅದು ಸತ್ಯಕ್ಕೆ ಮಾಡಿದ ಅಪಚಾರ. ಒಳ್ಳೆಯದು ಎಲ್ಲಿಯೇ ಇರಲಿ, ಅದರ ಮೂಲ ಒಂದೇ ಎಂದು ನಂಬಿದವರು ನಾವು. ಗಾಯಾಳುವಿನ ಕೀವನ್ನು ಒರೆಸಿದ ಆ ಕೈಗಳನ್ನು ಗೌರವಿಸಲು ನಮಗೆ ಅಳುಕೇನೂ ಬೇಕಾಗಿಲ್ಲ.

ಮೂರನೆಯ ಪರೀಕ್ಷೆ ಅವರ ದೇಹದೊಳಗಿನಿಂದಲೇ ಬಂದಿತು. ಎಡೆಬಿಡದ ದುಡಿಮೆ, ಅರೆಹೊಟ್ಟೆ, ನಿದ್ದೆಗೆಟ್ಟ ರಾತ್ರಿಗಳ ನಡುವೆ ಅವರನ್ನು ಮೂರ್ಛೆರೋಗ ಕಾಡತೊಡಗಿತು. ವೈದ್ಯರಾದ ಅವರಿಗೆ ಅದರ ಪರಿಣಾಮ ತಿಳಿಯದಿರಲಿಲ್ಲ. ಚಿಕಿತ್ಸೆಗಾಗಿ, ವಿಶ್ರಾಂತಿಗಾಗಿ ಬೇರೆಡೆಗೆ ಹೋಗುವಂತೆ ಜೊತೆಯವರು ಒತ್ತಾಯಿಸಿದರೂ ಅವರು ಆಸ್ಪತ್ರೆಯನ್ನೂ ಪಾಠವನ್ನೂ ಬಿಟ್ಟು ಕದಲಲಿಲ್ಲ. 1942ರ ಡಿಸೆಂಬರ್ ತಿಂಗಳಲ್ಲಿ ರೋಗವು ಉಲ್ಬಣಿಸಿ, ಒಂದರ ಹಿಂದೊಂದು ಸೆಳವು ಬಂದು, 9ರಂದು ತಾಂಗ್ ಜಿಲ್ಲೆಯ ಗೆಗೊಂಗ್ ಎಂಬ ಹಳ್ಳಿಯಲ್ಲಿ ಅವರು ಕೊನೆಯುಸಿರೆಳೆದರು. ಬೆಥೂನರು ಕಣ್ಮುಚ್ಚಿದ್ದು ಕೂಡ ಅದೇ ಜಿಲ್ಲೆಯಲ್ಲಿ. ಕೋಟ್ನಿಸರಿಗೆ ಆಗ ಮೂವತ್ತೆರಡು ವರ್ಷ ಎರಡು ತಿಂಗಳು. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಸೇನೆಯು ನೆರವಿನ ಕೈಯೊಂದನ್ನೂ ದೇಶವು ಮಿತ್ರನೊಬ್ಬನನ್ನೂ ಕಳೆದುಕೊಂಡಿತೆಂದು ಮಾವೋ ಅವರು ಶೋಕಸಂದೇಶದಲ್ಲಿ ಬರೆದರು.

ಸಂತ ತೋಮಾಸ್ ಅಕ್ವಿನಾಸರು ಧೈರ್ಯವೆಂಬ ಸದ್ಗುಣವನ್ನು ವಿವೇಚಿಸುವಾಗ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸುತ್ತಾರೆ. ಮುನ್ನುಗ್ಗಿ ಎದುರಿಸುವುದಕ್ಕಿಂತ, ಅಪಾಯದ ನಡುವೆ ಕದಲದೆ ತಾಳಿಕೊಂಡಿರುವುದೇ ಧೈರ್ಯದ ಮುಖ್ಯವಾದ ಕ್ರಿಯೆಯೆಂಬುದು ಅವರ ನಿಲುವು. ಮುನ್ನುಗ್ಗುವವನಿಗೆ ಅಪಾಯ ಇನ್ನೂ ಮುಂದಿರುತ್ತದೆ. ತಾಳಿಕೊಳ್ಳುವವನ ಮೇಲೆ ಅದು ಈಗಾಗಲೇ ಬಂದೆರಗಿರುತ್ತದೆ. ಮುನ್ನುಗ್ಗುವುದು ಕ್ಷಣದ ಕೆಲಸವಾಗಬಹುದು. ತಾಳಿಕೊಳ್ಳುವುದಕ್ಕೆ ಕಾಲವೆಲ್ಲ ಬೇಕು. ಕೋಟ್ನಿಸರ ಬದುಕಿಗೆ ಈ ಮಾತು ಪೂರ್ತಿಯಾಗಿ ಒಪ್ಪುತ್ತದೆ. ಅವರು ಹಡಗು ಹತ್ತಿದ್ದು ಒಂದೇ ದಿನ. ನಿಲ್ಲುವ ತೀರ್ಮಾನವನ್ನು ಮಾತ್ರ ನಾಲ್ಕು ವರ್ಷಗಳ ಕಾಲ ಮತ್ತೆ ಮತ್ತೆ ಮಾಡಬೇಕಾಯಿತು: ತಂದೆ ಸತ್ತಾಗ, ಜೊತೆಗಾರರು ಹೊರಟಾಗ, ಸ್ವಂತ ದೇಹವೇ ಕೈಕೊಟ್ಟಾಗ.

ಹೀಗೆ ಹೇಳುವಾಗ ಬೆಲೆ ತೆತ್ತವರೆಲ್ಲರನ್ನೂ ನೆನೆಯುವುದು ನ್ಯಾಯ. ಸೊಲ್ಲಾಪುರದ ಆ ಕುಟುಂಬ ತನ್ನ ಆಸರೆಯನ್ನು ಕಳೆದುಕೊಂಡಿತು. ಚಿಂಗ್‌ಲಾನ್ ಅವರು ಮದುವೆಯಾದ ಮರುವರ್ಷವೇ ವಿಧವೆಯಾದರು. ಮಗ ಇನ್‌ಹ್ವಾ ತಂದೆಯಂತೆಯೇ ವೈದ್ಯನಾಗಲು ಓದುತ್ತಿದ್ದವನು. ಪದವಿ ಪಡೆಯುವ ಹೊತ್ತಿನಲ್ಲಿ, 1967ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ ತೀರಿಕೊಂಡನು. ಆ ತಾಯಿ ಹಲವು ಬಾರಿ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡರು. 2012ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ನಿಧನರಾದರು. ಒಬ್ಬನ ತ್ಯಾಗವನ್ನು ಕೊಂಡಾಡುವಾಗ ಅವನೊಡನೆ ತ್ಯಾಗಕ್ಕೆ ಒಳಗಾದವರನ್ನು ಮರೆಯುವುದು ನಮ್ಮ ಹಳೆಯ ಚಾಳಿ.

ಚೀನಾ ಅವರನ್ನು ಮರೆಯಲಿಲ್ಲ. ಶಿಚಿಯಾಚುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಬೆಥೂನರ ಸಮಾಧಿಯಿರುವ ಆವರಣದಲ್ಲಿಯೇ ಕೋಟ್ನಿಸರ ಸಮಾಧಿಯೂ ಪ್ರತಿಮೆಯೂ ಇವೆ. ನಮ್ಮಲ್ಲಿ ಸಕಲ ಆತ್ಮಗಳ ದಿನದಂದು ಸಮಾಧಿಗಳಿಗೆ ಹೂವಿಡುವಂತೆ ಅಲ್ಲಿಯವರು ಪ್ರತಿವರ್ಷ ಚಿಂಗ್‌ಮಿಂಗ್ ಎಂಬ ಹಿರಿಯರ ಹಬ್ಬದಂದು ಅಲ್ಲಿಗೆ ಹೂವು ತರುತ್ತಾರೆ. ಭಾರತದಲ್ಲಿ ವಿ. ಶಾಂತಾರಾಮರು 1946ರಲ್ಲಿ ಅವರ ಜೀವನವನ್ನು ಚಲನಚಿತ್ರವಾಗಿಸಿ, ತಾವೇ ಕೋಟ್ನಿಸರ ಪಾತ್ರವನ್ನು ವಹಿಸಿದರು. 1982ರಲ್ಲಿ ಚೀನಾ, 1993ರಲ್ಲಿ ಭಾರತ ಅವರ ಅಂಚೆಚೀಟಿಗಳನ್ನು ಹೊರತಂದವು. ಎರಡು ದೇಶಗಳ ನಡುವೆ 1962ರಲ್ಲಿ ಯುದ್ಧವಾಯಿತು, 2020ರಲ್ಲಿ ಗಲ್ವಾನ್ ಕಣಿವೆಯಲ್ಲಿ ರಕ್ತ ಹರಿಯಿತು. ಆದರೂ ಆ ಸಮಾಧಿಯ ಮೇಲಣ ಗೌರವ ಕುಂದಲಿಲ್ಲ. ರಾಜ್ಯಗಳ ಸ್ನೇಹ ಒಪ್ಪಂದಗಳ ಮೇಲೆ ನಿಂತರೆ, ಜನಗಳ ಸ್ನೇಹ ಇಂತಹ ಸಮಾಧಿಗಳ ಮೇಲೆ ನಿಲ್ಲುತ್ತದೆ.

ನಮ್ಮ ಮುದ್ದೇನಹಳ್ಳಿಯ ಮಣ್ಣು ತನ್ನ ಮಗ ವಿಶ್ವೇಶ್ವರಯ್ಯನವರನ್ನು ಮರಳಿ ಪಡೆಯಿತು. ಅವರೂ ಎಳೆಯ ವಯಸ್ಸಿನಲ್ಲಿಯೇ ಊರುಬಿಟ್ಟು, ಮುಂಬಯಿ ಪ್ರಾಂತದ ಸೇವೆಗೆ ಸೇರಿ, ನೂರು ವರ್ಷ ದಾಟಿದ ತುಂಬುಜೀವನವನ್ನು ನಡೆಸಿದರು. 1962ರಲ್ಲಿ ಅವರ ಅಂತ್ಯಕ್ರಿಯೆ ಹುಟ್ಟೂರಿನಲ್ಲಿಯೇ ನೆರವೇರಿತು. ಸೊಲ್ಲಾಪುರಕ್ಕೆ ಆ ಭಾಗ್ಯವಿರಲಿಲ್ಲ. ಅಲ್ಲಿ ಇರುವುದು ಕೋಟ್ನಿಸರ ಸ್ಮಾರಕ ಮಾತ್ರ. ಒಬ್ಬರದು ನೂರು ದಾಟಿದ ಬಾಳು, ಇನ್ನೊಬ್ಬರದು ಮೂವತ್ತೆರಡು ವರ್ಷ. ಆಯುಷ್ಯದ ಉದ್ದವನ್ನು ಆರಿಸಿಕೊಳ್ಳುವುದು ಯಾರ ಕೈಯಲ್ಲಿಯೂ ಇಲ್ಲ. ಇರುವಷ್ಟು ದಿನ ಎಲ್ಲಿ ನಿಲ್ಲಬೇಕೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ನಮ್ಮ ಅನೇಕ ಮನೆಗಳಿಂದ ಇಂದು ಹೆಣ್ಣುಮಕ್ಕಳು ದಾದಿಯರಾಗಿ, ಗಂಡುಮಕ್ಕಳು ವೈದ್ಯರಾಗಿ, ಕೆಲವರು ಸಂನ್ಯಾಸಿನಿಯರಾಗಿ, ಗುರುಗಳಾಗಿ ದೂರದೂರುಗಳಿಗೆ ಹೋಗುತ್ತಾರೆ. ಅವರನ್ನು ಕಳಿಸುವ ದಿನ ಊಟ, ಹಾರ, ಛಾಯಾಚಿತ್ರ ಎಲ್ಲವೂ ಇರುತ್ತದೆ. ಅವರಿಗೆ ನಮ್ಮ ಆಸರೆ ಹೆಚ್ಚಾಗಿ ಬೇಕಾಗುವುದು ಅಂದಲ್ಲ; ಎರಡನೆಯ ವರ್ಷದಲ್ಲಿ, ಜೊತೆಯವರೆಲ್ಲ ಹೊರಟುಹೋಗಿ, ಮನೆಯ ನೆನಪು ಕಾಡಿ, ಬಿಟ್ಟುಬಿಡೋಣವೇ ಎಂದು ಮನಸ್ಸು ಕೇಳುವ ರಾತ್ರಿಯಲ್ಲಿ. ಆ ಹೊತ್ತಿನಲ್ಲಿ ಅವರಿಗೊಂದು ಪತ್ರವನ್ನಾದರೂ ಬರೆಯೋಣ, ಒಂದು ಮಾತನ್ನಾದರೂ ಆಡೋಣ, ಅವರ ಹೆಸರು ಹಿಡಿದು ಪ್ರಾರ್ಥಿಸೋಣ. ಡಿಸೆಂಬರ್ 9 ಕ್ರಿಸ್ಮಸ್ಸಿನ ಸಿದ್ಧತೆಯ ನಡುವೆ ಬರುವ ದಿನ. ಅಂದು ಸಂಜೆಯ ಪ್ರಾರ್ಥನೆಗೆ ಕುಳಿತಾಗ, ಗೆಗೊಂಗ್ ಹಳ್ಳಿಯಲ್ಲಿ ಕಣ್ಮುಚ್ಚಿದ ಆ ಸೊಲ್ಲಾಪುರದ ವೈದ್ಯರನ್ನೂ ಅವರಿಗಾಗಿ ಕಾದ ತಾಯಿಯನ್ನೂ ಒಮ್ಮೆ ನೆನೆದರೆ ಸಾಕು.